ಬೇಸಿಗೆಗೆ ಮೊದಲು ಬೈಕಿನ ಕೂಲೆಂಟ್ ಬದಲಾವಣೆ: ಅಗತ್ಯವೋ, ಶೋರೂಮಿನವರ ವ್ಯಾಪಾರವೋ?

ಎಡದಂಡೆ_ಸವಾರ

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಿಂದ ಬರೆಯುತ್ತಿದ್ದೇನೆ. ಬೀಜ, ಗೊಬ್ಬರದ ಕೆಲಸಕ್ಕಾಗಿ ಮಾನ್ವಿ, ಮಸ್ಕಿ, ಲಿಂಗಸುಗೂರು ಎಂದು ದಿನವೂ ಊರೂರು ತಿರುಗುವವನು ನಾನು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 200 ಸಿಸಿ ಲಿಕ್ವಿಡ್ ಕೂಲ್ಡ್ ಬೈಕ್ ಇದೆ, ಅಂದರೆ ಎಂಜಿನ್ನಿನ ಬಿಸಿಯನ್ನು ಕೂಲೆಂಟ್ ಎಂಬ ದ್ರವ ರೇಡಿಯೇಟರಿಗೆ ಸಾಗಿಸಿ ತಣ್ಣಗಾಗಿಸುವಂಥದ್ದು. ಚಳಿಗಾಲದಲ್ಲಿ ಯಾವ ತಕರಾರೂ ಇರಲಿಲ್ಲ. ಈಗ ಬಿಸಿಲು 40 ದಾಟಿದ ಮೇಲೆ ಊರೊಳಗೆ ಬಂದರೆ ಸಾಕು, ರೇಡಿಯೇಟರ್ ಫ್ಯಾನ್ ನಿಲ್ಲುವುದೇ ಇಲ್ಲ. ಮೊನ್ನೆ ಸಂತೆಯ ದಿನ ಜನರ ನಡುವೆ ಸಿಕ್ಕಿಕೊಂಡಾಗ ಟೆಂಪರೇಚರ್ ದೀಪವೂ ಹತ್ತಿತು, ಕೂಲೆಂಟಿನ ರಿಸರ್ವ್ ಟ್ಯಾಂಕಿನಿಂದ ಬಿಸಿ ನೀರು ಉಕ್ಕಿ ಕಾಲಿನ ಪಕ್ಕದಲ್ಲೇ ಸುರಿಯಿತು. ಟ್ಯಾಂಕಿನೊಳಗೆ ಇಣುಕಿ ನೋಡಿದರೆ ದ್ರವ ಹಸಿರೂ ಅಲ್ಲ, ಕೆಂಪೂ ಅಲ್ಲ, ತುಕ್ಕಿನ ಬಣ್ಣ.

ಶೋರೂಮಿನಲ್ಲಿ ವಿಚಾರಿಸಿದೆ. 'ಬೇಸಿಗೆಗೆಂದೇ ಬೇರೆ ಕೂಲೆಂಟ್ ಇದೆ, ಹಳೆಯದನ್ನು ತೆಗೆದು ಒಳಗೆಲ್ಲ ತೊಳೆದು, ಅಂದರೆ ಫ್ಲಶ್ ಮಾಡಿ ಹಾಕುತ್ತೇವೆ, ಎಲ್ಲ ಸರಿಹೋಗುತ್ತದೆ' ಎಂದು ದೊಡ್ಡ ಮೊತ್ತ ಹೇಳಿದರು. ನನ್ನ ಪ್ರಶ್ನೆಗಳು: ಬೇಸಿಗೆಯ ಕೂಲೆಂಟ್ ಎಂಬುದು ನಿಜವಾಗಿಯೂ ಇದೆಯೇ? ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೇ? ಫ್ಲಶ್ ಮಾಡಲು ಮನೆಯ ಆರ್‌ಒ ನೀರು ನಡೆಯುತ್ತದೆಯೇ?

ಹತ್ತನೇ_ಸ್ಪ್ಯಾನರ್

ಹುಬ್ಬಳ್ಳಿಯಲ್ಲಿ ಗ್ಯಾರೇಜ್ ಇಟ್ಟುಕೊಂಡವನು, ಹಾಗಾಗಿ ನೇರವಾಗಿ ಹೇಳುತ್ತೇನೆ. ತುಕ್ಕಿನ ಬಣ್ಣ ಬಂದಿದೆ ಎಂದರೆ ಹಿಂದಿನ ಮಾಲೀಕರು ಬೋರ್‌ವೆಲ್ ನೀರು ಸುರಿದಿದ್ದಾರೆ, ಅನುಮಾನವೇ ಬೇಡ. ಅದನ್ನು ತೆಗೆಯಲೇಬೇಕು. ಆದರೆ ಕೂಲೆಂಟ್ ಬದಲಾಯಿಸಿದ ಮಾತ್ರಕ್ಕೆ ಉಕ್ಕುವುದು ನಿಲ್ಲುತ್ತದೆ ಎಂದು ನಂಬಬೇಡಿ. ಮೊದಲು ಮೂರು ಕಡೆ ನೋಡಿ: ರೇಡಿಯೇಟರಿನ ಮುಚ್ಚಳ, ರೇಡಿಯೇಟರಿನ ಮುಖ, ಫ್ಯಾನ್. ಬೇಸಿಗೆಯ ಕೂಲೆಂಟ್ ಎಂಬ ಪ್ರತ್ಯೇಕ ವಸ್ತು ಯಾವುದೂ ಇಲ್ಲ. ಮಾರುವವರಿಗೆ ಬೇಸಿಗೆ ಇದೆ, ಅಷ್ಟೆ.

ಕ್ಲಚ್_ಕೇಬಲ್

ಯಾವ ಕಂಪನಿ, ಯಾವ ಮಾಡೆಲ್ ಹೇಳಿ ಸರ್. ಅದಿಲ್ಲದೆ ಹೇಗೆ ಹೇಳುವುದು?

ಎಡದಂಡೆ_ಸವಾರ

ಬೇಡ ಅಣ್ಣ. ಕಂಪನಿಯ ಹೆಸರು ಬರೆದರೆ ಮುಂದಿನ ಐವತ್ತು ಉತ್ತರಗಳು 'ಆ ಕಂಪನಿಯದು ಯಾಕೆ ತೆಗೆದುಕೊಂಡಿರಿ' ಎಂಬುದಕ್ಕೇ ಮುಗಿಯುತ್ತವೆ. ಒಂದು ಸಿಲಿಂಡರ್, ಮುಂದೆ ರೇಡಿಯೇಟರ್, ಒಂದು ಫ್ಯಾನ್. ಇಷ್ಟು ಸಾಕಲ್ಲವೇ?

ಹಳೇ_ಯೆಜ್ಡಿ

ಅದಕ್ಕೇ ನಾನು ಹೇಳುವುದು. ನಮ್ಮ ಮೈಸೂರಿನ ಗಾಡಿಗೆ ರೇಡಿಯೇಟರೂ ಇಲ್ಲ, ಮುಚ್ಚಳವೂ ಇಲ್ಲ, ಉಕ್ಕುವ ಮಾತೂ ಇಲ್ಲ. ಗಾಳಿ ಬಂದರೆ ತಣ್ಣಗಾಗುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಓಡಿಸಿದವನು ನಾನು.

ಕ್ಲಚ್_ಕೇಬಲ್

@ಹಳೇ_ಯೆಜ್ಡಿ ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು ಹಿರಿಯರೇ. 2018ರಲ್ಲಿ ಮತ್ತೆ ಬಂದ ಜಾವಾಕ್ಕೂ ರೇಡಿಯೇಟರ್ ಇದೆ. ರಾಯಲ್ ಎನ್‌ಫೀಲ್ಡ್ ಕೂಡ 2023ರಲ್ಲಿ ಹಿಮಾಲಯನ್ 450ಕ್ಕೆ ನೀರು ತುಂಬಿಸಿತು. ನೀವೊಬ್ಬರೇ ಉಳಿದಿರುವುದು.

ಹಳೇ_ಯೆಜ್ಡಿ

ಉಳಿದಿದ್ದೇನಲ್ಲ, ಅದೇ ದೊಡ್ಡದು. ನಿಮ್ಮ ಗಾಡಿ ಸಂತೆಯಲ್ಲಿ ಉಕ್ಕುತ್ತಿದೆ.

ಶಾಖ_ಮೇಷ್ಟ್ರು

ಪಾಲಿಟೆಕ್ನಿಕ್‌ನಲ್ಲಿ ಥರ್ಮೋಡೈನಮಿಕ್ಸ್ ಪಾಠ ಮಾಡುವವನು. ಈ ವಿಷಯದಲ್ಲಿ ಸುಮ್ಮನಿರಲು ಆಗುವುದಿಲ್ಲ, ಉದ್ದವಾದರೆ ಸಹಿಸಿಕೊಳ್ಳಿ.

ಕೂಲೆಂಟ್ ಎಂದರೆ ಎಥಿಲೀನ್ ಗ್ಲೈಕಾಲ್, ನೀರು, ಜೊತೆಗೆ ಲೋಹ ತಿನ್ನದಂತೆ ತಡೆಯುವ ಸ್ವಲ್ಪ ರಾಸಾಯನಿಕ. ಅರ್ಧಕ್ಕರ್ಧ ಬೆರೆಸಿದ ದ್ರವ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಅಂದರೆ ಗ್ಲೈಕಾಲಿನಿಂದ ಸಿಗುವುದು ಏಳೇ ಡಿಗ್ರಿ. ಈಗ ರೇಡಿಯೇಟರಿನ ಮುಚ್ಚಳ ನೋಡಿ. ಅದರ ಮೇಲೆ ಸಾಮಾನ್ಯವಾಗಿ 1.1 ಅಥವಾ ಅದರ ಆಸುಪಾಸಿನ ಸಂಖ್ಯೆ ಇರುತ್ತದೆ. 1.1 ಬಾರ್ ಒತ್ತಡ ಹಿಡಿದಿಡುವ ಮುಚ್ಚಳದ ಕೆಳಗೆ ಬರೀ ನೀರೇ 121 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಕೂಲೆಂಟ್ ಇದ್ದರೆ ಸುಮಾರು 128ರವರೆಗೆ ತಡೆಯುತ್ತದೆ. ಕುದಿಯುವುದನ್ನು ತಡೆಯುವ ಕೆಲಸದಲ್ಲಿ ಮುಚ್ಚಳದ್ದು ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ, ಗ್ಲೈಕಾಲಿನದು ಏಳು. ಮುಚ್ಚಳದ ರಬ್ಬರು ಬಿರಿದಿದ್ದರೆ ಎಷ್ಟು ದುಬಾರಿಯ ಕೂಲೆಂಟ್ ಹಾಕಿದರೂ ಸಂತೆಯಲ್ಲಿ ಉಕ್ಕುತ್ತದೆ.

ಎರಡನೆಯದು ಹೊರಗಿನ ಗಾಳಿ. ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಎಂಬುದು ಒಳಗಿನ ದ್ರವಕ್ಕೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ದ್ರವ 95 ಡಿಗ್ರಿ, ಗಾಳಿ 30 ಡಿಗ್ರಿ ಇದ್ದರೆ ಅಂತರ 65. ಗಾಳಿ 45ಕ್ಕೆ ಏರಿದರೆ ಅಂತರ 50. ಅದೇ ರೇಡಿಯೇಟರ್, ಅದೇ ಫ್ಯಾನ್, ಆದರೆ ಶಾಖ ಬಿಡುವ ಶಕ್ತಿ ಹೆಚ್ಚುಕಡಿಮೆ ಕಾಲು ಭಾಗ ಹೋಯಿತು. ಚಳಿಗಾಲದಲ್ಲಿ ಅರ್ಧ ಕಟ್ಟಿಕೊಂಡ ರೇಡಿಯೇಟರೂ ನಡೆಯುತ್ತದೆ. ಏಪ್ರಿಲ್‌ನಲ್ಲಿ ಅದರ ಬಣ್ಣ ಬಯಲಾಗುತ್ತದೆ. ಎಡದಂಡೆಯವರ ಬೈಕಿಗೆ ಆಗಿರುವುದು ಇದೇ ಇರಬೇಕು.

ಟ್ರ್ಯಾಕ್_ದಿನ

ಮೇಷ್ಟ್ರೇ, ಹಾಗಾದರೆ ಗ್ಲೈಕಾಲ್ ಯಾಕೆ ಬೇಕು? ಶಾಖ ಹೊರುವುದರಲ್ಲಿ ನೀರಿಗಿಂತ ಒಳ್ಳೆಯದು ಇಲ್ಲ ಎಂದು ನೀವೇ ಪಾಠ ಮಾಡುತ್ತೀರಿ. ರೇಸ್ ಬೈಕುಗಳಲ್ಲಿ ಬರೀ ನೀರೇ ಇರುತ್ತದೆ. ಬೈಕ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಂನ ನಿಯಮದ ಪ್ರಕಾರ ನೀರು ಅಥವಾ ನೀರಿಗೆ ಬೆರೆಸಿದ ಆಲ್ಕೋಹಾಲ್, ಬೇರೆ ಏನೂ ಇಲ್ಲ. 300 ಕಿಲೋಮೀಟರ್ ವೇಗದಲ್ಲಿ ಓಡುವ ಎಂಜಿನ್ನಿಗೆ ಸಾಕಾದದ್ದು ಸಿಂಧನೂರಿನ 200 ಸಿಸಿಗೆ ಸಾಲದೇ?

ಹತ್ತನೇ_ಸ್ಪ್ಯಾನರ್

@ಟ್ರ್ಯಾಕ್_ದಿನ ಆ ನಿಯಮ ಇರುವುದು ಎಂಜಿನ್ ತಂಪಾಗಲಿ ಎಂದಲ್ಲ. ಬಿದ್ದ ಬೈಕಿನಿಂದ ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ, ಬೇಗ ಆರುವುದೂ ಇಲ್ಲ. ಹಿಂದೆ ಬರುವವರು ಸಾಲಾಗಿ ಬೀಳುತ್ತಾರೆ. ಮತ್ತೆ, ರೇಸ್ ಎಂಜಿನ್ನನ್ನು ಬಿಚ್ಚುತ್ತಲೇ ಇರುತ್ತಾರೆ. ನಮ್ಮವರು ಐದು ವರ್ಷ ಮುಚ್ಚಳ ತೆಗೆದು ನೋಡುವುದಿಲ್ಲ.

ಶಾಖ_ಮೇಷ್ಟ್ರು

@ಟ್ರ್ಯಾಕ್_ದಿನ ನೀರೇ ಹೆಚ್ಚು ಶಾಖ ಹೊರುತ್ತದೆ, ಒಪ್ಪಿದೆ. ಅರ್ಧಕ್ಕರ್ಧ ಮಿಶ್ರಣದ ಶಕ್ತಿ ಅದಕ್ಕಿಂತ ಶೇ. 10ರಿಂದ 15ರಷ್ಟು ಕಡಿಮೆ. ಆದರೆ ಎಂಜಿನ್ ಅಲ್ಯೂಮಿನಿಯಂ, ರೇಡಿಯೇಟರ್ ಅಲ್ಯೂಮಿನಿಯಂ, ಬೋಲ್ಟುಗಳು ಉಕ್ಕು, ಪಂಪಿನಲ್ಲಿ ರಬ್ಬರ್ ಸೀಲು. ಬರೀ ನೀರು ಇವೆಲ್ಲವನ್ನೂ ಒಟ್ಟಿಗೆ ತಿನ್ನುತ್ತದೆ. ಕೂಲೆಂಟಿನ ಬೆಲೆ ಇರುವುದು ಅದರಲ್ಲಿರುವ ತುಕ್ಕುನಿರೋಧಕಕ್ಕೆ. ಅದು ತೀರಿಹೋಗುತ್ತದೆ ಎಂಬ ಕಾರಣಕ್ಕೇ ಕಾಲಕಾಲಕ್ಕೆ ಬದಲಾಯಿಸಬೇಕು. ಗ್ಲೈಕಾಲ್ ಹಳಸುವುದು ನಿಧಾನ, ನಿರೋಧಕ ಮುಗಿಯುವುದು ಬೇಗ.

ಟ್ರ್ಯಾಕ್_ದಿನ

ಸರಿ, ಹಾಗಾದರೆ ಅರ್ಧದ ಬದಲು ಶೇ. 30 ಕೂಲೆಂಟ್, ಶೇ. 70 ನೀರು? ರಾಯಚೂರಿನಲ್ಲಿ ಹಿಮ ಬೀಳುವುದಿಲ್ಲವಲ್ಲ.

ಶಾಖ_ಮೇಷ್ಟ್ರು

ಇದು ನ್ಯಾಯವಾದ ಮಾತು. ಶೇ. 33ರ ಕೆಳಗೆ ಮಾತ್ರ ಇಳಿಯಬೇಡಿ, ನಿರೋಧಕವೂ ಅದೇ ಲೆಕ್ಕದಲ್ಲಿ ತೆಳುವಾಗುತ್ತದೆ. ಆ ಪ್ರಮಾಣದಲ್ಲೂ ಮೈನಸ್ 17, 18ರವರೆಗೆ ಹೆಪ್ಪುಗಟ್ಟುವುದಿಲ್ಲ, ಬಯಲುಸೀಮೆಗೆ ಧಾರಾಳವಾಯಿತು. ಲಡಾಖಿಗೆ ಹೋಗುವವರು ಅರ್ಧಕ್ಕರ್ಧವೇ ಇಟ್ಟುಕೊಳ್ಳಲಿ, ಮೈನಸ್ 37ರವರೆಗೆ ನಿಶ್ಚಿಂತೆ. ಆದರೆ ಈ ಲೆಕ್ಕವೆಲ್ಲ ಕಾನ್ಸನ್‌ಟ್ರೇಟ್, ಅಂದರೆ ನೀರು ಬೆರೆಸದ ಗಟ್ಟಿ ಕೂಲೆಂಟ್, ಕೊಂಡವರಿಗೆ ಮಾತ್ರ. ಡಬ್ಬಿಯ ಮೇಲೆ 'ರೆಡಿ ಟು ಯೂಸ್' ಎಂದಿದ್ದರೆ ಅದರಲ್ಲಿ ಆಗಲೇ ನೀರಿದೆ. ಅದಕ್ಕೆ ಇನ್ನೂ ನೀರು ಬೆರೆಸುವವರನ್ನು ನೋಡಿದ್ದೇನೆ.

ಹತ್ತಿ_ಹೊಲ

ಉಲ್ಟಾ ಮಾಡುವವರೂ ಇದ್ದಾರೆ ಮೇಷ್ಟ್ರೇ. ನಮ್ಮ ಪಕ್ಕದ ಮನೆಯವರು 'ಬಿಸಿಲು ಜಾಸ್ತಿ, ಗಟ್ಟಿಯಾಗಿಯೇ ಇರಲಿ' ಎಂದು ಕಾನ್ಸನ್‌ಟ್ರೇಟನ್ನು ಒಂದು ಹನಿ ನೀರೂ ಬೆರೆಸದೆ ಸುರಿದರು.

ಶಾಖ_ಮೇಷ್ಟ್ರು

ಅಯ್ಯೋ. ಅದು ದ್ರವವನ್ನು ಮಂದ ಮಾಡುತ್ತದೆ, ಶಾಖ ಹೊರುವ ಶಕ್ತಿಯನ್ನೂ ಇಳಿಸುತ್ತದೆ. ಇನ್ನಷ್ಟು ಬಿಸಿಯಾಗುತ್ತದೆ. ಇವತ್ತೇ ಹೇಳಿ ಅವರಿಗೆ.

ಎಡದಂಡೆ_ಸವಾರ

ನೀರಿನ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ಆರ್‌ಒ ನಡೆಯುತ್ತದೆಯೇ?

ಹತ್ತಿ_ಹೊಲ

ನಮ್ಮ ಕಡೆಯ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬೋರ್‌ವೆಲ್ ನೀರಂತೂ ಹತ್ತಿರವೂ ಬೇಡ. ಆರ್‌ಒ ಪರವಾಗಿಲ್ಲ ಎಂದು ನನ್ನ ಅಭಿಪ್ರಾಯ.

ಹತ್ತನೇ_ಸ್ಪ್ಯಾನರ್

ಒಪ್ಪುವುದಿಲ್ಲ. ಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಹಸಿ ನೀರು ಅಥವಾ ಖನಿಜ ಮತ್ತೆ ಸೇರಿಸುವ ವ್ಯವಸ್ಥೆ ಇರುತ್ತದೆ. ಕುಡಿಯಲು ಒಳ್ಳೆಯದು, ರೇಡಿಯೇಟರಿಗೆ ಅಲ್ಲ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು ಸಿಗುತ್ತದೆ. 5 ಲೀಟರ್ ತಂದರೆ ಎರಡು ಸಲ ತೊಳೆದು, ಬೆರೆಸುವುದಕ್ಕೂ ಮಿಗುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಎಂಜಿನ್ ಕಳೆದುಕೊಳ್ಳಬೇಡಿ.

ಕ್ಲಚ್_ಕೇಬಲ್

ಎಸಿಯಿಂದ ತೊಟ್ಟಿಕ್ಕುವ ನೀರು? ಅದೂ ಡಿಸ್ಟಿಲ್ಡ್ ಅಲ್ಲವೇ? ನಮ್ಮ ಆಫೀಸಿನಲ್ಲಿ ಬಕೆಟ್‌ಗಟ್ಟಲೆ ಬರುತ್ತದೆ.

ಹತ್ತನೇ_ಸ್ಪ್ಯಾನರ್

ಖನಿಜ ಇಲ್ಲ, ನಿಜ. ಆದರೆ ಎಸಿಯ ಕಾಯಿಲ್ ಮೇಲಿನ ಧೂಳು, ಪಾಚಿ, ಲೋಹದ ಅಂಶ ಎಲ್ಲವನ್ನೂ ತೊಳೆದುಕೊಂಡು ಬರುವ ನೀರು ಅದು. ಗಿಡಕ್ಕೆ ಹಾಕಿ.

ಮರಳುಗಾಡಿನ_ಮಂಗಳೂರಿಗ

ದುಬೈಯಿಂದ. ಇಲ್ಲಿ ಜುಲೈ, ಆಗಸ್ಟ್‌ನಲ್ಲಿ 45 ದಾಟುವುದು ಮಾಮೂಲಿ. ನಮ್ಮ ಗುಂಪಿನಲ್ಲಿ ಬೇಸಿಗೆಗೆ ಮೊದಲು ಎಲ್ಲರೂ ಕೂಲೆಂಟ್ ನೋಡಿಕೊಳ್ಳುತ್ತಾರೆ, ಆದರೆ ಯಾರೂ 'ಬೇಸಿಗೆಯ ಕೂಲೆಂಟ್' ಹಾಕುವುದಿಲ್ಲ. ಬೈಕಿನ ಕೈಪಿಡಿಯಲ್ಲಿ ಹೇಳಿದ್ದೇ ಹಾಕುವುದು. ನಾವು ಬದಲಾಯಿಸುವುದು ಸಮಯವನ್ನು. ಬೆಳಗಿನ ಜಾವ ಹೊರಟು ಬಿಸಿಲೇರುವ ಮೊದಲು ಮನೆ ಸೇರುವುದು. ಇಲ್ಲಿನ ಸರ್ಕಾರವೇ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂದು ನಿಯಮ ಮಾಡಿದೆ. ಎಂಜಿನ್ ತಡೆದುಕೊಂಡರೂ ಮನುಷ್ಯ ತಡೆದುಕೊಳ್ಳುವುದಿಲ್ಲ.

ಎಡದಂಡೆ_ಸವಾರ

ನಿಮ್ಮ ಮಾತು ಸರಿ ಅಣ್ಣ, ಆದರೆ ರೈತರು ಅಂಗಡಿಗೆ ಬರುವುದೇ ಮಧ್ಯಾಹ್ನ. ನಾನು ಬೆಳಗಿನ ಜಾವ ಹೋಗಿ ಯಾರಿಗೆ ಬೀಜ ತೋರಿಸಲಿ?

ಸಿಲ್ಕ್‌ಬೋರ್ಡ್_ಸಂತ್ರಸ್ತ

ಉತ್ತರ ಕರ್ನಾಟಕದವರು ಬಿಸಿಲು ಬಿಸಿಲು ಎನ್ನುತ್ತೀರಿ. ಬೆಂಗಳೂರಿನಲ್ಲಿ 34 ಡಿಗ್ರಿಗೇ ನನ್ನ ಬೈಕಿನ ಫ್ಯಾನ್ ಒಂದು ತಾಸು ಬಿಡದೆ ತಿರುಗುತ್ತದೆ. ತೊಡೆ ಸುಟ್ಟುಹೋಗುತ್ತದೆ. ಕೂಲೆಂಟ್ ಬದಲಾಯಿಸಿದೆ, ಒಂದಿಷ್ಟೂ ಫರಕು ಇಲ್ಲ.

ಶಾಖ_ಮೇಷ್ಟ್ರು

ತೊಡೆಗೆ ತಗಲುವ ಬಿಸಿ ಗಾಳಿ ಎಂದರೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. ಎಂಜಿನ್ನಿನಿಂದ ತೆಗೆದ ಶಾಖ ಎಲ್ಲಿಗಾದರೂ ಹೋಗಬೇಕಲ್ಲ! ಕೂಲೆಂಟ್ ಬದಲಾಯಿಸಿದರೆ ಆ ಶಾಖ ಮಾಯವಾಗುವುದಿಲ್ಲ. ಓಡುತ್ತಿದ್ದಾಗ ಹಿಂದಕ್ಕೆ ಹಾರಿಹೋಗುವುದು ನಿಂತಾಗ ನಿಮ್ಮ ಕಾಲಿಗೆ ಬರುತ್ತದೆ. 42 ಡಿಗ್ರಿಯ ಹೆದ್ದಾರಿಗಿಂತ 34 ಡಿಗ್ರಿಯ ಸಿಗ್ನಲ್ ಎಂಜಿನ್ನಿಗೆ ಕಷ್ಟ ಎಂಬ ನಿಮ್ಮ ಮಾತು ಮಾತ್ರ ನಿಜ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟ್ ತೆಗೆದುಹಾಕಿ ಎಂದಿದ್ದಾರೆ. ತೆಗೆಸಲೇ?

ಹತ್ತನೇ_ಸ್ಪ್ಯಾನರ್

ಬೇಡ! ಲಾರಿ, ಜೀಪುಗಳ ಕಾಲದ ಚಾಳಿ ಅದು. ಥರ್ಮೋಸ್ಟಾಟ್ ಎಂದರೆ ಕೂಲೆಂಟ್ ರೇಡಿಯೇಟರಿಗೆ ಹೋಗುವ ದಾರಿಯ ಕವಾಟ, 80, 85 ಡಿಗ್ರಿಯ ಹೊತ್ತಿಗೆ ತೆರೆದುಕೊಳ್ಳುತ್ತದೆ. ನಿಮ್ಮ ಸಿಗ್ನಲಿನಲ್ಲಿ ಅದು ಆಗಲೇ ಪೂರ್ತಿ ತೆರೆದೇ ಇರುತ್ತದೆ, ತೆಗೆದು ಏನು ಸಾಧಿಸಿದಂತಾಯಿತು? ಉಳಿದ ಸಮಯದಲ್ಲಿ ಎಂಜಿನ್ ಸರಿಯಾದ ಬಿಸಿಗೆ ಏರುವುದಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಗಾಡಿ 'ಇನ್ನೂ ತಣ್ಣಗಿದೆ' ಎಂದುಕೊಂಡು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ, ತೆಗೆದು ಎಸೆಯಬೇಡಿ.

ಕ್ಲಚ್_ಕೇಬಲ್

ಸ್ಪ್ಯಾನರ್ ಅಣ್ಣ, ಮಾಡುವ ವಿಧಾನವನ್ನೇ ಒಮ್ಮೆ ಬರೆದುಬಿಡಿ. ವೀಡಿಯೊ ನೋಡಿದರೆ ಒಬ್ಬೊಬ್ಬರದು ಒಂದೊಂದು ದಾರಿ.

ಹತ್ತನೇ_ಸ್ಪ್ಯಾನರ್

ಬರೆಯುತ್ತೇನೆ. ಮೊದಲ ಮಾತು: ರಾತ್ರಿಯೆಲ್ಲ ನಿಂತ ಬೈಕಿನ ಮೇಲೆ ಬೆಳಿಗ್ಗೆ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗೆ ನೂರು ಡಿಗ್ರಿ ದಾಟಿದ ದ್ರವ ಒತ್ತಡದಲ್ಲಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಮುಖಕ್ಕೇ ಚಿಮ್ಮುತ್ತದೆ. ಹೆದ್ದಾರಿಯಲ್ಲಿ ಹಾಗೆ ತೆರೆದು ಮುಂಗೈ ಸುಟ್ಟುಕೊಂಡು ನನ್ನ ಗ್ಯಾರೇಜಿಗೆ ಬಂದವರಿದ್ದಾರೆ. ಅವರಿಗೆ ಬೇಕಾಗಿದ್ದುದು ಡಾಕ್ಟರು, ನಾನಲ್ಲ.

ವಾಟರ್ ಪಂಪಿನ ಮುಚ್ಚಳದ ಕೆಳಭಾಗದಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ, ಸಾಮಾನ್ಯವಾಗಿ ತಾಮ್ರದ ವಾಷರ್ ಸಮೇತ. ಕೆಲವು ಗಾಡಿಗಳಲ್ಲಿ ಅದಿಲ್ಲ, ಕೆಳಗಿನ ಹೋಸ್ ಕಳಚಬೇಕು. ಅಗಲವಾದ ತಟ್ಟೆ ಇಟ್ಟು ಬೋಲ್ಟ್ ತೆಗೆಯಿರಿ. ಮೊದಲು ಸ್ವಲ್ಪವೇ ಬರುತ್ತದೆ. ಮೇಲಿನ ಮುಚ್ಚಳ ತೆರೆದ ಕೂಡಲೇ ರಭಸದಿಂದ ಬರುತ್ತದೆ, ಆಗ ತಟ್ಟೆ ದೂರದಲ್ಲಿದ್ದರೆ ಅಂಗಳವೆಲ್ಲ ಕೂಲೆಂಟ್. ರಿಸರ್ವ್ ಟ್ಯಾಂಕನ್ನು ಮರೆಯುವವರೇ ಹೆಚ್ಚು, ಅದನ್ನೂ ಖಾಲಿ ಮಾಡಿ ತೊಳೆಯಿರಿ. ಕೊಳಕು ಇರುವುದೇ ಅಲ್ಲಿ.

ಬೋಲ್ಟ್ ಮತ್ತೆ ಹಾಕಿ ಡಿಸ್ಟಿಲ್ಡ್ ನೀರು ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ, ನೀರು ಎಲ್ಲ ಕಡೆ ಸುತ್ತಿದೆ ಎಂದು ಅರ್ಥ. ಅದು ತೆರೆಯದೆ ಫ್ಲಶ್ ಮಾಡಿದರೆ ಎಂಜಿನ್ನಿನೊಳಗಿನ ಹಳೆಯದು ಒಳಗೇ ಉಳಿಯುತ್ತದೆ. ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಖಾಲಿ ಮಾಡಿ. ಹೊರಬರುವ ನೀರು ತಿಳಿಯಾಗುವವರೆಗೆ ಇದೇ ಕೆಲಸ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯುವ ಆತುರ ಬೇಡ.

ತೊಳೆಯಲು ವಿನೆಗರ್, ನಿಂಬೆ ಉಪ್ಪು ಹಾಕಿ ಎಂದು ವೀಡಿಯೊಗಳಲ್ಲಿ ಹೇಳುತ್ತಾರೆ. ಬಿಳಿ ಪದರ ಕರಗುತ್ತದೆ, ಸುಳ್ಳಲ್ಲ. ಆದರೆ ಆಮ್ಲ ಅಲ್ಯೂಮಿನಿಯಂ ಅನ್ನೂ ಬಿಡುವುದಿಲ್ಲ. ಆಮೇಲೆ ಚೆನ್ನಾಗಿ ತೊಳೆಯದಿದ್ದರೆ ಹೊಸ ಕೂಲೆಂಟಿನ ನಿರೋಧಕವನ್ನೂ ಹಾಳುಮಾಡುತ್ತದೆ. ಮೊದಲ ಸಲಕ್ಕೆ ಬರೀ ನೀರೇ ಸಾಕು.

ಕೊನೆಗೆ ಬೋಲ್ಟಿಗೆ ಹೊಸ ವಾಷರ್ ಹಾಕಿ. ಅದು ಅಲ್ಯೂಮಿನಿಯಂ ಮೈಗೆ ಕೂರುವ ಸಣ್ಣ ಬೋಲ್ಟ್, ಉದ್ದನೆಯ ಪಾನಾ ಹಿಡಿದು ಶಕ್ತಿ ಪ್ರದರ್ಶನ ಮಾಡಿದರೆ ಥ್ರೆಡ್ ಹೋಯಿತು. ಕೂಲೆಂಟನ್ನು ಸಣ್ಣ ಧಾರೆಯಾಗಿ ನಿಧಾನವಾಗಿ ಸುರಿಯಿರಿ, ರಭಸವಾಗಿ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಟ್ರ್ಯಾಕ್_ದಿನ

ಗಾಳಿಯ ವಿಷಯವನ್ನು ಇನ್ನೂ ಒತ್ತಿ ಹೇಳಬೇಕಿತ್ತು. ಬದಲಾಯಿಸಿದ ಮೇಲೆ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತಿದೆ ಎನ್ನುವವರಲ್ಲಿ ಬಹುಪಾಲು ಜನ ಗಾಳಿ ತೆಗೆದಿರುವುದಿಲ್ಲ. ಮುಚ್ಚಳ ತೆರೆದಿಟ್ಟುಕೊಂಡೇ ತಣ್ಣನೆಯ ಎಂಜಿನ್ ಶುರು ಮಾಡಿ, ಬೈಕನ್ನು ಎಡಕ್ಕೂ ಬಲಕ್ಕೂ ಓಲಾಡಿಸಿ, ಹೋಸ್‌ಗಳನ್ನು ಕೈಯಿಂದ ಹಿಸುಕಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಗುಳ್ಳೆ ನಿಂತ ಮೇಲೆ, ದ್ರವ ಉಕ್ಕುವ ಮೊದಲೇ ಮುಚ್ಚಳ ಹಾಕಿ. ಗಾಳಿ ಬಿಡಲೆಂದೇ ಬೇರೆ ಸ್ಕ್ರೂ ಇರುವ ಬೈಕುಗಳೂ ಇವೆ, ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಒಂದೆರಡು ದಿನ ಓಡಿಸಿ, ತಣ್ಣಗಿದ್ದಾಗ ರಿಸರ್ವ್ ಟ್ಯಾಂಕಿನ ಮಟ್ಟ ಇನ್ನೊಮ್ಮೆ ನೋಡಿ.

ಹತ್ತನೇ_ಸ್ಪ್ಯಾನರ್

ಇದಕ್ಕೆ ನನ್ನ ತಕರಾರಿಲ್ಲ. ಬರೀ ನೀರಿನ ವಾದ ಬಿಟ್ಟರೆ ನೀವು ಒಳ್ಳೆಯವರೇ.

ಹತ್ತಿ_ಹೊಲ

ಬಣ್ಣದ ಗೊಂದಲ ಯಾರಾದರೂ ಬಿಡಿಸಿ. ಹಸಿರು, ಕೆಂಪು, ನೀಲಿ, ಹಳದಿ ಎಲ್ಲವೂ ಅಂಗಡಿಯಲ್ಲಿವೆ. ಕೆಂಪು ಬಿಸಿಲಿಗೆ, ಹಸಿರು ಚಳಿಗೆ ಎಂದು ಅಂಗಡಿಯವರು ಹೇಳುತ್ತಾರೆ.

ಶಾಖ_ಮೇಷ್ಟ್ರು

ಬಣ್ಣ ಬರೀ ಬಣ್ಣ. ಯಾವ ಕಂಪನಿ ಯಾವ ಬಣ್ಣ ಬೇಕಾದರೂ ಹಾಕಬಹುದು, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ನೋಡಬೇಕಾದದ್ದು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ: ಐಎಸ್ 5759, ಜೆಐಎಸ್ ಕೆ 2234, ಎಎಸ್‌ಟಿಎಂ ಡಿ 3306, ಇಂಥ ಮಾನದಂಡದ ಹೆಸರು ಇದೆಯೇ ಎಂದು. ನಿರೋಧಕದಲ್ಲಿ ಹಳೆಯ ಅಜೈವಿಕ ಬಗೆ, ಹೊಸ ಸಾವಯವ ಆಮ್ಲದ ಬಗೆ, ಎರಡೂ ಬೆರೆತದ್ದು ಎಂದು ಕುಟುಂಬಗಳಿವೆ. ಹಳೆಯ ಬಗೆ ಎರಡು ವರ್ಷದ ಆಸುಪಾಸಿನಲ್ಲಿ ತೀರುತ್ತದೆ, ಸಾವಯವ ಬಗೆ ಐದು ವರ್ಷದವರೆಗೂ ಬರುತ್ತದೆ. ಜಪಾನಿನ ತಯಾರಕರು ಸಾಮಾನ್ಯವಾಗಿ ಸಿಲಿಕೇಟ್ ಎಂಬ ನಿರೋಧಕ ಇಲ್ಲದ್ದನ್ನೇ ಕೇಳುತ್ತಾರೆ, ಸಿಲಿಕೇಟ್ ಪಂಪಿನ ಸೀಲನ್ನು ಸವೆಸುತ್ತದೆ ಎಂದು. ಬೇರೆ ಬೇರೆ ಬಗೆಗಳನ್ನು ಬೆರೆಸಿದರೆ ಕೆಲವೊಮ್ಮೆ ಲೋಳೆಯಂಥ ಕೆಸರು ಕಟ್ಟುತ್ತದೆ. ಮೊದಲು ಏನಿತ್ತೆಂದು ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದು ಒಂದೇ ಬಗೆಯನ್ನು ಹಾಕುವುದೇ ಸರಿ.

ಮೂಕಪ್ರಾಣಿ_ವೈದ್ಯೆ

ಪಶುವೈದ್ಯೆ, ಧಾರವಾಡ. ಬೈಕ್ ಓಡಿಸುತ್ತೇನೆ, ಆದರೆ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಇಷ್ಟು ಹೊತ್ತಿನ ಚರ್ಚೆಯಲ್ಲಿ ತೆಗೆದ ಕೂಲೆಂಟನ್ನು ಏನು ಮಾಡಬೇಕು ಎಂದು ಒಬ್ಬರೂ ಹೇಳಲಿಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಬೇಸಿಗೆಯಲ್ಲಿ ನೀರಿಗೆ ಅಲೆಯುವ ನಾಯಿ, ಬೆಕ್ಕು ಅದನ್ನು ನೆಕ್ಕುತ್ತವೆ. ಮೂರು ಕಿಲೋ ತೂಕದ ಬೆಕ್ಕನ್ನು ಕೊಲ್ಲಲು ಬೆರೆಸದ ಗ್ಲೈಕಾಲ್ ಒಂದು ಟೀ ಚಮಚ ಸಾಕು. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಮೂತ್ರಪಿಂಡದಲ್ಲಿ ಹರಳು ಕಟ್ಟುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಅಮಲೇರಿದಂತೆ ತೂರಾಡುತ್ತವೆ, ನಂತರ ಸುಧಾರಿಸಿದಂತೆ ಕಾಣುತ್ತವೆ, ಆಮೇಲೆ ಮೂತ್ರಪಿಂಡ ಕೈಕೊಡುತ್ತದೆ. ಚಿಕಿತ್ಸೆ ಇರುವುದು ಆ ಮೊದಲ ಗಂಟೆಗಳಲ್ಲಿ ಮಾತ್ರ. ಮಕ್ಕಳಿಗೂ ಇದೇ ಅಪಾಯ, ತಂಪು ಪಾನೀಯದ ಬಾಟಲಿಯಲ್ಲಿ ಕೂಲೆಂಟ್ ತುಂಬಿಡುವವರು ದಯವಿಟ್ಟು ನಿಲ್ಲಿಸಿ.

ಎಡದಂಡೆ_ಸವಾರ

ಇದು ನನಗೆ ಗೊತ್ತೇ ಇರಲಿಲ್ಲ ಮೇಡಂ. ನಮ್ಮ ಅಂಗಳದಲ್ಲಿ ಎರಡು ಎಮ್ಮೆ, ಒಂದು ನಾಯಿ ಇವೆ. ತೆಗೆದದ್ದನ್ನು ಎಲ್ಲಿ ಹಾಕಲಿ?

ಮೂಕಪ್ರಾಣಿ_ವೈದ್ಯೆ

ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ತುಂಬಿ, ಮೇಲೆ 'ವಿಷ' ಎಂದು ಬರೆದು, ಹಳೆಯ ಎಣ್ಣೆ, ಬ್ಯಾಟರಿಗಳನ್ನು ವಿಲೇವಾರಿಗೆ ಕೊಡುವ ದೊಡ್ಡ ಗ್ಯಾರೇಜಿಗೆ ಒಪ್ಪಿಸಿ. ಚರಂಡಿಗೂ ಬೇಡ, ಕಾಲುವೆಗಂತೂ ಬೇಡವೇ ಬೇಡ. ಚೆಲ್ಲಿದ ಜಾಗಕ್ಕೆ ಧಾರಾಳವಾಗಿ ಮಣ್ಣು ಹಾಕಿ ಗುಡಿಸಿ, ಆ ಮಣ್ಣನ್ನೂ ಪ್ರಾಣಿಗಳಿಗೆ ಸಿಗದಂತೆ ಕಟ್ಟಿಡಿ. ಮುಗಿಯುವವರೆಗೆ ನಾಯಿಯನ್ನು ಕಟ್ಟಿಹಾಕಿ.

ಹಳೇ_ಯೆಜ್ಡಿ

ನಮ್ಮ ಗಾಡಿಯನ್ನು ಯಾವ ನಾಯಿಯೂ ನೆಕ್ಕುವುದಿಲ್ಲ.

ಕ್ಲಚ್_ಕೇಬಲ್

ಸೈಲೆನ್ಸರ್ ಹೊಗೆ ನೋಡಿದರೆ ನಾಯಿ ಹತ್ತಿರವೂ ಬರುವುದಿಲ್ಲ, ಅದಕ್ಕೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ವಿಷಯಾಂತರಕ್ಕೆ ಕ್ಷಮೆ ಇರಲಿ. 40 ಡಿಗ್ರಿಯಲ್ಲಿ ರೈಡಿಂಗ್ ಜಾಕೆಟ್ ಹಾಕುತ್ತೀರಾ ನೀವೆಲ್ಲ? ಮುಂದಿನ ವಾರ ಹಂಪಿಗೆ ಹೊರಟಿದ್ದೇವೆ. ಟೀ ಶರ್ಟ್‌ನಲ್ಲೇ ಹೋಗೋಣ ಎಂದು ಗೆಳೆಯರ ಮಾತು.

ಮರಳುಗಾಡಿನ_ಮಂಗಳೂರಿಗ

ಟೀ ಶರ್ಟ್ ಮಾತ್ರ ಬೇಡ. ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ, ಅಂದರೆ 35ರ ಮೇಲೆ, ಜೋರು ಗಾಳಿ ನಿಮ್ಮನ್ನು ತಂಪು ಮಾಡುವುದಿಲ್ಲ, ಒಣಗಿಸುತ್ತದೆ. ಬೆವರು ಕಾಣುವ ಮೊದಲೇ ಹಾರಿಹೋಗುತ್ತದೆ, ಎಷ್ಟು ನೀರು ಕಳೆದುಕೊಂಡಿರೆಂದು ಗೊತ್ತೇ ಆಗುವುದಿಲ್ಲ. ಮೆಶ್ ಜಾಕೆಟ್, ಒಳಗೆ ಒದ್ದೆ ಮಾಡಿದ ಹತ್ತಿಯ ಅಂಗಿ, ಕುತ್ತಿಗೆಗೆ ಒದ್ದೆ ಬಟ್ಟೆ. ಒಣ ಹವೆಯ ಬಳ್ಳಾರಿ, ಹೊಸಪೇಟೆ ಕಡೆ ಇದು ಚೆನ್ನಾಗಿ ನಡೆಯುತ್ತದೆ. ನಮ್ಮ ಮಂಗಳೂರಿನ ಸೆಕೆಯಲ್ಲಿ ಒದ್ದೆ ಬಟ್ಟೆ ಒದ್ದೆಯಾಗಿಯೇ ಇರುತ್ತದೆ.

ಹತ್ತಿ_ಹೊಲ

ಬರೀ ನೀರು ಕುಡಿಯುತ್ತಾ ಹೋಗಬೇಡಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಗಂಗಾವತಿ ದಾರಿಯಲ್ಲಿ ಬೇಕಾದಷ್ಟು ಸಿಗುತ್ತದೆ.

ಟ್ರ್ಯಾಕ್_ದಿನ

ನೋಡಿ, ಮನುಷ್ಯನಿಗೂ ಬರೀ ನೀರು ಸಾಲದು ಎಂದಾಯಿತು. ನಾನು ಸೋತೆ.

ಎಡದಂಡೆ_ಸವಾರ

ಭಾನುವಾರ ಕೆಲಸ ಮುಗಿಸಿದೆ. ಬೋಲ್ಟ್ ತೆಗೆದಾಗ ಬಂದದ್ದು ಕಂದು ನೀರು, ತಳದಲ್ಲಿ ಮರಳಿನಂಥ ಬಿಳಿ ಪುಡಿ. ಮೂರನೇ ಸಲಕ್ಕೆ ತಿಳಿಯಾಯಿತು. ಆದರೆ ದೊಡ್ಡ ವಿಷಯ ಅದಲ್ಲ. ರೇಡಿಯೇಟರಿನ ಮುಂದೆ ಹಿಂದಿನವರು ಹಾಕಿಸಿದ್ದ ಜಾಲರಿ ಇತ್ತು. ಅದನ್ನು ಬಿಚ್ಚಿದರೆ ಕೆಳಗಿನ ಅರ್ಧ ಭಾಗದಲ್ಲಿ ಎರೆಮಣ್ಣು ಒಣಗಿ ಕಲ್ಲಾಗಿ ಕೂತಿದೆ! ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಮೆತ್ತಿದ್ದು. ಮುಚ್ಚಳದ ಕೆಳಗಿನ ರಬ್ಬರೂ ಎರಡು ಕಡೆ ಬಿರಿದಿತ್ತು, ಮೇಷ್ಟ್ರು ಹೇಳಿದ ಹಾಗೆಯೇ.

ಹತ್ತನೇ_ಸ್ಪ್ಯಾನರ್

ಎರೆಮಣ್ಣನ್ನು ಹೇಗೆ ತೆಗೆದಿರಿ? ಸರ್ವೀಸ್ ಸ್ಟೇಷನ್ನಿನ ಜೋರು ನೀರಿನ ಗನ್ ಹಿಡಿಸಲಿಲ್ಲ ತಾನೇ? ರೇಡಿಯೇಟರಿನ ತೆಳು ತಗಡಿನ ಫಿನ್ನುಗಳೆಲ್ಲ ಮಡಚಿಕೊಳ್ಳುತ್ತವೆ.

ಎಡದಂಡೆ_ಸವಾರ

ಇಲ್ಲ ಅಣ್ಣ. ಒದ್ದೆ ಗೋಣಿಚೀಲ ಹೊದಿಸಿ ನೆನೆಯಲು ಬಿಟ್ಟೆ, ಆಮೇಲೆ ಹಿಂದಿನಿಂದ ಮುಂದಕ್ಕೆ ಸಣ್ಣ ಪೈಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್. ಮುಚ್ಚಳ ಸಿಂಧನೂರಿನಲ್ಲಿ ಸಿಗಲಿಲ್ಲ, ರಾಯಚೂರಿನಿಂದ ಅದೇ 1.1 ಇರುವುದನ್ನು ತರಿಸಿದೆ. ಇವತ್ತು ಮಧ್ಯಾಹ್ನ ಮಾರುಕಟ್ಟೆಯಲ್ಲಿ ನಿಂತೆ. ಫ್ಯಾನ್ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಮತ್ತೆ ಬರುತ್ತದೆ. ದೀಪ ಹತ್ತಲಿಲ್ಲ.

ಕ್ಲಚ್_ಕೇಬಲ್

ಹಾಗಾದರೆ ಸರಿಹೋದದ್ದು ಯಾವುದರಿಂದ? ಕೂಲೆಂಟೋ, ಮುಚ್ಚಳವೋ, ಮಣ್ಣೋ?

ಶಾಖ_ಮೇಷ್ಟ್ರು

ಮೂರನ್ನೂ ಒಂದೇ ದಿನ ಬದಲಾಯಿಸಿದ ಮೇಲೆ ಹೇಳುವುದು ಹೇಗೆ? ಆದರೂ ಪಣ ಕಟ್ಟುವುದಾದರೆ ಮಣ್ಣಿನ ಮೇಲೆ ಕಟ್ಟುತ್ತೇನೆ. ಫ್ಯಾನ್ ನಿಲ್ಲದೆ ತಿರುಗುತ್ತಿದ್ದುದಕ್ಕೆ ಅದೇ ಕಾರಣ, ಉಕ್ಕಿದ್ದಕ್ಕೆ ಮುಚ್ಚಳ.

ಎಡದಂಡೆ_ಸವಾರ

ಇನ್ನೊಂದೇ ಪ್ರಶ್ನೆ. ವಾಟರ್ ಪಂಪಿನ ಕೆಳಗೆ ಬೋಲ್ಟ್ ಅಲ್ಲದ ಒಂದು ಸಣ್ಣ ತೂತು ಇದೆ. ಅಲ್ಲಿ ಒಂದು ಹನಿ ಹಸಿರು ಕಾಣುತ್ತಿದೆ. ಎಂ-ಸೀಲ್ ಹಾಕಿ ಮುಚ್ಚಿಬಿಡಲೇ?

ಹತ್ತನೇ_ಸ್ಪ್ಯಾನರ್

ಮುಚ್ಚಬೇಡಿ! ಆ ತೂತು ಇಟ್ಟಿರುವುದೇ ನಿಮಗೆ ಸುದ್ದಿ ಮುಟ್ಟಿಸಲು. ಕೂಲೆಂಟ್ ಬಂದರೆ ಪಂಪಿನ ಮೆಕ್ಯಾನಿಕಲ್ ಸೀಲ್ ಸವೆದಿದೆ, ಎಂಜಿನ್ ಆಯಿಲ್ ಬಂದರೆ ಆಯಿಲ್ ಸೀಲ್ ಹೋಗಿದೆ. ಮುಚ್ಚಿದರೆ ಸೋರುವ ಕೂಲೆಂಟ್ ಹೊರಗೆ ಬರುವ ಬದಲು ಒಳಗಿನ ಎಣ್ಣೆಗೆ ದಾರಿ ಹುಡುಕುತ್ತದೆ. ಬೋರ್‌ವೆಲ್ ನೀರಿನ ಪುಡಿ ಸೀಲನ್ನು ಉಜ್ಜಿರಬೇಕು. ಒರೆಸಿ, ಕೆಳಗೆ ರಟ್ಟಿನ ತುಂಡು ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ಸದ್ಯ ಓಡಿಸಿ, ವಾರಕ್ಕೊಮ್ಮೆ ಟ್ಯಾಂಕಿನ ಮಟ್ಟ ನೋಡಿ. ಆಯಿಲ್ ಕಿಂಡಿಯಲ್ಲಿ ಎಣ್ಣೆ ಹಾಲು ಬೆರೆತಂತೆ ಬೆಳ್ಳಗೆ ಕಂಡರೆ ಮಾತ್ರ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಎಡದಂಡೆ_ಸವಾರ

ರಟ್ಟು ಇಟ್ಟಿದ್ದೇನೆ. ಆಯಿಲ್ ಕಿಂಡಿ ಸ್ವಚ್ಛವಾಗಿದೆ. ಸೀಲ್ ಹಾಕಿಸಬೇಕಾದರೆ ಎಂಜಿನ್ ಇಳಿಸಬೇಕೇ?

ಹತ್ತನೇ_ಸ್ಪ್ಯಾನರ್

ಬೇಡ. ಸಾಮಾನ್ಯವಾಗಿ ಬಲಗಡೆಯ ಕವರ್ ತೆಗೆದರೆ ಸಾಕು. ಆದರೆ ಕೂಲೆಂಟ್ ಮತ್ತೆ ಖಾಲಿ ಮಾಡಬೇಕು, ಉಳಿದ ಡಿಸ್ಟಿಲ್ಡ್ ನೀರನ್ನು ಎಮ್ಮೆಗೆ ಕುಡಿಸಬೇಡಿ, ಇಟ್ಟುಕೊಳ್ಳಿ.